ನಾಟಿ, ಗಿರಿರಾಜ, ಸ್ವರ್ಣಧಾರ: ನಿಮ್ಮ ತಟ್ಟೆಗೆ ಮೊಟ್ಟೆ ತರುವ ಕೋಳಿ ಯಾವುದು?

"ಯಾವ ಕೋಳಿ ತರಲಿ?" ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಸ್ತ್ರೀಶಕ್ತಿ ಸಂಘದ ಹೆಂಗಸರು. ಕೈಯಲ್ಲಿ ಸಂಘದ ಸಣ್ಣ ಸಾಲ ಇರುತ್ತದೆ. ಹಿತ್ತಲಲ್ಲಿ ನಾಲ್ಕು ಮಾರು ಜಾಗ ಇರುತ್ತದೆ. ಅಕ್ಕಪಕ್ಕದಲ್ಲಿ ಒಬ್ಬರು ಗಿರಿರಾಜ ಅನ್ನುತ್ತಾರೆ, ಇನ್ನೊಬ್ಬರು ಸ್ವರ್ಣಧಾರ ಅನ್ನುತ್ತಾರೆ. ಸಂತೆಯಲ್ಲಿ ಮರಿ ಮಾರುವವನು ಕಡಕ್‌ನಾಥ್ ತಗೊಳ್ಳಿ ಅನ್ನುತ್ತಾನೆ. ಅತ್ತೆ ಮಾತ್ರ "ನಮ್ಮ ನಾಟಿ ಕೋಳಿಗೆ ಏನಾಗಿದೆ?" ಅಂತ ಗೊಣಗುತ್ತಾರೆ.

ನಾನು ಉತ್ತರ ಹೇಳುವ ಮೊದಲು ಒಂದು ಮಾತು ತಿರುಗಿ ಕೇಳುತ್ತೇನೆ. ಹೋದ ವಾರ ನೀವು ಎಷ್ಟು ಮೊಟ್ಟೆ ತಿಂದಿರಿ? ಮನೆಯವರಲ್ಲ, ನೀವು.

ಬಹಳ ಸಲ ಉತ್ತರಕ್ಕೆ ಬದಲು ನಗು ಬರುತ್ತದೆ. ಮೊಟ್ಟೆ ಸಾರು ಮಾಡಿದ್ದು ನಿಜ. ಆರು ಮೊಟ್ಟೆ ಹಾಕಿದ್ದೂ ನಿಜ. ಮಕ್ಕಳಿಗೆ ಎರಡು, ಗಂಡನಿಗೆ ಎರಡು, ಮಾವನಿಗೆ ಒಂದು, ಆ ಹೊತ್ತಿಗೆ ಸರಿಯಾಗಿ ಬಂದ ನೆಂಟನಿಗೆ ಒಂದು. ಅಡುಗೆ ಮಾಡಿದವಳಿಗೆ ಬರೀ ಸಾರು. ಕೋಳಿಗೆ ಕಾಳು ಹಾಕಿದವಳು, ಗೂಡು ಗುಡಿಸಿದವಳು, ಮುಂಗುಸಿ ಓಡಿಸಿದವಳೂ ಅವಳೇ.

ಶಾಲೆಗೆ ಹೋಗುವ ಮಗುವಿಗೆ ಒಂದು ದಾರಿ ಇದೆ. ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2024ರಿಂದ ವಾರಕ್ಕೆ 6 ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಬಂತು. ಗರ್ಭಿಣಿ ಮತ್ತು ಬಾಣಂತಿಗೆ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯ ಊಟ ಅಂಗನವಾಡಿಯಲ್ಲಿ ಇದೆ, ಅದರಲ್ಲೂ ಮೊಟ್ಟೆ ಇದೆ. ಹಾಗಾದರೆ ಬಿಟ್ಟುಹೋದವರು ಯಾರು? ಶಾಲೆ ಬಿಟ್ಟ ಹುಡುಗಿ. ಹೆರಿಗೆಯಾಗಿ ವರ್ಷ ದಾಟಿದ ತಾಯಿ. ಕೂಲಿಗೆ ಹೋಗುವ ಮಧ್ಯವಯಸ್ಸಿನವಳು. ಹಲ್ಲಿಲ್ಲದ ಅತ್ತೆ. ಇವರಿಗೆ ಯಾವ ಯೋಜನೆಯ ಬಟ್ಟಲೂ ಇಲ್ಲ, ಹಿತ್ತಲೇ ಗತಿ. ಈ ಬರಹ ಅವರಿಗಾಗಿ.

ಅಳೆಯುವುದು ಹೇಗೆ

ಕೋಳಿ ತಳಿಯ ಕರಪತ್ರಗಳಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಒಂದೇ ಸಂಖ್ಯೆ: ವರ್ಷಕ್ಕೆ ಎಷ್ಟು ಮೊಟ್ಟೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಅದಕ್ಕಿಂತ ಮುಂಚೆ ನೋಡಬೇಕಾದದ್ದು ಬೇರೆ ಇದೆ.

ಮೊದಲನೆಯದು ತಿಂಗಳ ಕೈಖರ್ಚು. ಕೋಳಿಗೆ ಮೇವು ಅಂಗಡಿಯಿಂದ ಬರಬೇಕೋ, ತಿಪ್ಪೆಯಿಂದ ಸಿಗುತ್ತದೋ? ಅಂಗಡಿಯಿಂದ ಬರಬೇಕಾದರೆ ಮೊಟ್ಟೆ ಮಾರಲೇಬೇಕು. ಮಾರಲೇಬೇಕಾದ ಮೊಟ್ಟೆಯನ್ನು ಯಾವ ಹೆಂಗಸೂ ತಿನ್ನುವುದಿಲ್ಲ. ಮನಸ್ಸೇ ಬರುವುದಿಲ್ಲ.

ಎರಡನೆಯದು ಮುಂದಿನ ಮರಿ. ಈ ಕೋಳಿ ಮುದಿಯಾದಾಗ ಇನ್ನೊಂದು ಎಲ್ಲಿಂದ ಬರುತ್ತದೆ? ಮನೆಯಲ್ಲೇ ಕಾವು ಕೂತು ಮರಿಯಾಗುತ್ತದೋ, ಮತ್ತೆ ದುಡ್ಡು ಕೊಟ್ಟು ತರಬೇಕೋ?

ಮೂರನೆಯದು, ನೀವು ಮನೆಯಲ್ಲಿ ಇಲ್ಲದಾಗ ಕೋಳಿ ಬದುಕುತ್ತದೋ? ಬೆಳಿಗ್ಗೆ 8ಕ್ಕೆ ತೋಟದ ಕೂಲಿಗೆ ಹೋಗಿ ಸಂಜೆ 6ಕ್ಕೆ ಬರುವವರ ಹಿತ್ತಲು ಬೇರೆ, ಮನೆಯಲ್ಲೇ ಇರುವವರ ಹಿತ್ತಲು ಬೇರೆ.

ನಾಲ್ಕನೆಯದು ದುಡ್ಡು ಯಾರ ಕೈ ಸೇರುತ್ತದೆ ಅನ್ನುವುದು. ನಾಲ್ಕಾರು ಕೋಳಿ ಇರುವವರೆಗೆ ಅದು ಹೆಂಗಸಿನ ದುಡ್ಡು. ಮಗನ ಪೆನ್ಸಿಲಿಗೆ, ಸೊಪ್ಪಿಗೆ, ಬಸ್ಸಿಗೆ ಆಗುತ್ತದೆ. ಐವತ್ತು ಕೋಳಿ ಆದ ದಿನ ಗಂಡಸರು ಲೆಕ್ಕದ ಪುಸ್ತಕ ಹಿಡಿದು ಬರುತ್ತಾರೆ. ಎಲ್ಲರ ಮನೆಯಲ್ಲೂ ಹೀಗೇ ಅಂತ ಹೇಳುತ್ತಿಲ್ಲ, ನೋಡಿದ್ದು ಮಾತ್ರ ಜಾಸ್ತಿ.

ಇವಿಷ್ಟೂ ಆದ ಮೇಲೆ ಮೊಟ್ಟೆಯ ಸಂಖ್ಯೆ. ಒಂದು ಲೆಕ್ಕ ಹಾಕಿಕೊಳ್ಳಿ. ಐದು ಜನರ ಮನೆ, ಪ್ರತಿಯೊಬ್ಬರಿಗೂ ವಾರಕ್ಕೆ 3 ಮೊಟ್ಟೆ. ವಾರಕ್ಕೆ 15, ವರ್ಷಕ್ಕೆ 780. ಈ 780 ಅನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಕೋಳಿಯ ಹತ್ತಿರ ಹೋಗೋಣ.

ನಾಟಿ ಕೋಳಿ

ಹಳೇ ಮೈಸೂರಿನ ಕಡೆ ನಾಟಿ, ಉತ್ತರದ ಕಡೆ ಜವಾರಿ, ಕರಾವಳಿಯಲ್ಲಿ ಊರ ಕೋಳಿ. ಹೆಸರು ಮೂರಾದರೂ ಸ್ವಭಾವ ಒಂದೇ. ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತದೆ. ತಿಪ್ಪೆ ಕೆದರುತ್ತದೆ, ಹುಳ ಹಿಡಿಯುತ್ತದೆ, ಹದ್ದಿನ ನೆರಳು ಬಿದ್ದರೆ ಬೇಲಿಯೊಳಗೆ ನುಗ್ಗುತ್ತದೆ. ರಾತ್ರಿ ಮರವನ್ನೂ ಏರುತ್ತದೆ. ನಿಮ್ಮಿಂದ ಅದಕ್ಕೆ ಬೇಕಾಗುವುದು ಒಂದು ಹಿಡಿ ನುಚ್ಚು, ರಾತ್ರಿಗೆ ಒಂದು ಮಂಕರಿ.

ಎಲ್ಲಕ್ಕಿಂತ ದೊಡ್ಡ ಗುಣ ಎಂದರೆ ಕಾವು ಕೂರುತ್ತದೆ. 21 ದಿನ ಮೊಟ್ಟೆ ಬಿಟ್ಟು ಏಳುವುದಿಲ್ಲ. ಮರಿ ಮಾಡಿಸಲು ಕರೆಂಟು ಬೇಡ, ಯಂತ್ರ ಬೇಡ, ಯಾರ ಕಾಲು ಹಿಡಿಯುವುದೂ ಬೇಡ.

ಆದರೆ ಮೊಟ್ಟೆ ಕಡಿಮೆ. ವರ್ಷಕ್ಕೆ 50 ರಿಂದ 60. ಕಾವು, ಮರಿ ಸಾಕಾಣಿಕೆ ಅಂತ ತಿಂಗಳುಗಟ್ಟಲೆ ಮೊಟ್ಟೆ ನಿಲ್ಲುತ್ತದೆ. ಮೊಟ್ಟೆಯೂ ಸಣ್ಣದು, 35 ರಿಂದ 40 ಗ್ರಾಂ. ನಮ್ಮ 780ಕ್ಕೆ ಸುಮಾರು 14 ಹೇಂಟೆ ಬೇಕು, ಅದೂ ಒಂದೂ ಮೊಟ್ಟೆ ಕಾವಿಗೆ ಇಡದಿದ್ದರೆ. ಆಗುವ ಮಾತಲ್ಲ.

ಹಾಗಾಗಿ ಬರೀ ನಾಟಿ ಕೋಳಿ ಇರುವ ಮನೆಯಲ್ಲಿ ಮೊಟ್ಟೆ ಊಟದ ಪದಾರ್ಥವೇ ಅಲ್ಲ. ಅದು ಬಿತ್ತನೆ ಬೀಜ. ಕೋಳಿಯೂ ಊಟದ ಪದಾರ್ಥವಲ್ಲ, ಅದು ಉಳಿತಾಯದ ಹುಂಡಿ. ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ, ಮಾರಿಹಬ್ಬಕ್ಕೆ ಹುಂಜ ಹೋದರೆ ಒಳ್ಳೆ ದುಡ್ಡು. ಅದು ಬೇಡ ಅನ್ನಲು ನಾನ್ಯಾರು?

ಇಲ್ಲಿ ಒಂದು ಉಪಾಯ ಇದೆ, ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ನಾಟಿ ಮೊಟ್ಟೆಗೆ ಸಂತೆಯಲ್ಲಿ ಫಾರಂ ಮೊಟ್ಟೆಯ ಎರಡರಷ್ಟು ಬೆಲೆ ಸಿಗುತ್ತದೆ, ಪಟ್ಟಣದಲ್ಲಿ ಇನ್ನೂ ಜಾಸ್ತಿ. ಹತ್ತು ನಾಟಿ ಮೊಟ್ಟೆ ಮಾರಿ ಇಪ್ಪತ್ತು ಫಾರಂ ಮೊಟ್ಟೆ ತನ್ನಿ. "ನಾಟಿ ಮೊಟ್ಟೆಯಲ್ಲಿ ಶಕ್ತಿ ಜಾಸ್ತಿ ಅಲ್ವಾ?" ಅಂತ ಕೇಳುತ್ತಾರೆ. ರುಚಿ ಬೇರೆ, ಒಪ್ಪುತ್ತೇನೆ. ಸೊಪ್ಪು ತಿಂದ ಕೋಳಿಯ ಮೊಟ್ಟೆಯೊಳಗಿನ ಭಂಡಾರ ಹೆಚ್ಚು ಹಳದಿ, ಅದೂ ನಿಜ. ಆದರೆ ತೂಕಕ್ಕೆ ತೂಕ ಇಟ್ಟರೆ ಪ್ರೋಟೀನು ಹೆಚ್ಚುಕಡಿಮೆ ಒಂದೇ. ಸಿಪ್ಪೆಯ ಬಣ್ಣಕ್ಕೂ ಶಕ್ತಿಗೂ ಸಂಬಂಧವೇ ಇಲ್ಲ. ಈ ಉಪಾಯದಲ್ಲಿ ಇರುವ ತೂತು ಬೇರೆ: ಸಂತೆಯಲ್ಲಿ ಸಿಕ್ಕ ದುಡ್ಡು ಮೊಟ್ಟೆಯಾಗಿಯೇ ಮನೆಗೆ ಬರಬೇಕು. ದಾರಿಯಲ್ಲಿ ಬೀಡಿಯಾಗಬಾರದು, ಬಿಸ್ಕತ್ತಾಗಬಾರದು. ಸಂತೆಗೆ ನೀವೇ ಹೋಗುವುದಾದರೆ ಮಾತ್ರ ಈ ದಾರಿ ಹಿಡಿಯಿರಿ.

ಗಿರಿರಾಜ ಮತ್ತು ಸ್ವರ್ಣಧಾರ

ಎರಡೂ ನಮ್ಮ ನಾಡಿನವೇ. ಗಿರಿರಾಜ ಹುಟ್ಟಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಅದು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಇದ್ದ ಕಾಲದಲ್ಲಿ. ಸ್ವರ್ಣಧಾರ ಆಮೇಲೆ ಬಂದದ್ದು, 2005ರಲ್ಲಿ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಹಿತ್ತಲಲ್ಲಿ ಮೇಯ್ದು ಬದುಕಲಿ, ನಾಟಿಗಿಂತ ಜಾಸ್ತಿ ಮೊಟ್ಟೆ ಇಡಲಿ ಎಂದೇ ಎರಡನ್ನೂ ಬೆಳೆಸಿದ್ದು. ಬಣ್ಣಬಣ್ಣದ ಗರಿ ಇರುವುದರಿಂದ ಸಂತೆಯಲ್ಲಿ ನಾಟಿಯ ಜೊತೆ ಸೇರಿಕೊಂಡರೂ ಬೇಗ ಗೊತ್ತಾಗುವುದಿಲ್ಲ.

ಗಿರಿರಾಜ ವರ್ಷಕ್ಕೆ 130 ರಿಂದ 150 ಮೊಟ್ಟೆ ಇಡುತ್ತದೆ. ಮೊಟ್ಟೆ 50 ಗ್ರಾಂ ದಾಟುತ್ತದೆ. 780ಕ್ಕೆ 6 ಕೋಳಿ ಸಾಕು. ಮೈ ದೊಡ್ಡದು, ಮಾಂಸಕ್ಕೆ ಚೆನ್ನಾಗಿ ಹೋಗುತ್ತದೆ. ಅದೇ ಅದರ ತೊಂದರೆಯೂ ಹೌದು. ದೊಡ್ಡ ಮೈಗೆ ದೊಡ್ಡ ಹೊಟ್ಟೆ. ಓಡುವುದು ನಿಧಾನ, ಹಾರುವುದು ಇಲ್ಲವೇ ಇಲ್ಲ ಅನ್ನಬಹುದು. ಕಾಡುಬೆಕ್ಕು, ನರಿ, ಬೀದಿನಾಯಿ ಇರುವ ಕಡೆ ಇದು ಸುಮ್ನೆ ಬಡಿಸಿಟ್ಟ ಊಟ.

ಸ್ವರ್ಣಧಾರ ಅದಕ್ಕಿಂತ ಹಗುರ. ತಪ್ಪಿಸಿಕೊಂಡು ಓಡುವ ಚುರುಕು ಇದೆ. 22, 23ನೇ ವಾರಕ್ಕೆ ಮೊಟ್ಟೆಗೆ ಬರುತ್ತದೆ. ವರ್ಷಕ್ಕೆ 180 ರಿಂದ 190. ಲೆಕ್ಕಕ್ಕೆ 5 ಕೋಳಿ ಇದ್ದರೆ ಸಾಕು.

ಈಗ ಕರಪತ್ರದಲ್ಲಿ ಇರದ ಮಾತು. ಈ ಸಂಖ್ಯೆಗಳೆಲ್ಲ ಚೆನ್ನಾಗಿ ಮೇವು ಹಾಕಿದ ಕೋಳಿಯವು. ಬರೀ ತಿಪ್ಪೆಯ ಮೇಲೆ ಬಿಟ್ಟರೆ ಅಷ್ಟು ಬರುವುದಿಲ್ಲ. ದಿನಕ್ಕೆ ಒಂದು ಕೋಳಿಗೆ ಒಂದು ಹಿಡಿ ಕಾಳು, ಅಕ್ಕಿ ನುಚ್ಚು, ತೌಡು, ಹಿಟ್ಟಿನ ಗಿರಣಿಯಲ್ಲಿ ಉದುರಿದ್ದು, ಏನಾದರೂ ಬೇಕು. ಸಿಪ್ಪೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಕಪ್ಪೆಚಿಪ್ಪಿನ ಪುಡಿ ಇಲ್ಲದಿದ್ದರೆ ಮೊಟ್ಟೆ ಸಿಪ್ಪೆಯನ್ನೇ ಒಣಗಿಸಿ, ಹುರಿದು, ಪುಡಿ ಮಾಡಿ ಹಾಕಿ. ಸಿಪ್ಪೆಯನ್ನು ಹಾಗೇ ಹಾಕಿದರೆ ಕೋಳಿಗೆ ತನ್ನ ಮೊಟ್ಟೆ ತಾನೇ ಕುಕ್ಕಿ ತಿನ್ನುವ ಚಟ ಹತ್ತುತ್ತದೆ. ಮರಿಗಳಿಗೆ ಹಿಂದಿನವರು ಗೆದ್ದಲು ಹಿಡಿದು ಹಾಕುತ್ತಿದ್ದರು. ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಹುತ್ತದ ಹತ್ತಿರ ಬೋರಲು ಹಾಕಿದರೆ ಮಾರನೆಯ ದಿನ ಮಡಕೆ ತುಂಬ ಗೆದ್ದಲು. ಈಗಲೂ ಅದಕ್ಕಿಂತ ಅಗ್ಗದ ಪ್ರೋಟೀನು ನನಗೆ ಕಂಡಿಲ್ಲ.

ಇನ್ನೊಂದು ವಿಷಯ. ಈ ಎರಡು ತಳಿಗಳೂ ಕಾವು ಕೂರುವುದು ಅಪರೂಪ. ಮೊಟ್ಟೆ ಜಾಸ್ತಿ ಬೇಕೆಂದು ಬೆಳೆಸಿದಾಗ ತಾಯ್ತನದ ಗುಣ ಹಿಂದೆ ಬಿತ್ತು. ಮನೆಯಲ್ಲೇ ಇವುಗಳ ಮರಿ ಮಾಡಿಸಬೇಕಾದರೆ ನಾಟಿ ಹೇಂಟೆಯ ಅಡಿಯಲ್ಲಿ ಹತ್ತು ಹನ್ನೆರಡು ಮೊಟ್ಟೆ ಇಡಬೇಕು. ಆ ಮರಿಗಳು ಬೆಳೆದು ದೊಡ್ಡವಾದಾಗ ಮೊಟ್ಟೆಯ ಸಂಖ್ಯೆ ತಾಯಿಯಷ್ಟು ಇರುವುದಿಲ್ಲ. ನಾಟಿಗಿಂತ ಮೇಲು, ಅಷ್ಟೇ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮರಿ ತರುವ ಖರ್ಚನ್ನು ಈಗಲೇ ಎತ್ತಿಡಿ.

ಹೈದರಾಬಾದಿನ ವನರಾಜ, ಗ್ರಾಮಪ್ರಿಯ, ಹೆಸರಘಟ್ಟದ ಕಾವೇರಿ

ವನರಾಜ, ಗ್ರಾಮಪ್ರಿಯ ಎರಡೂ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ತಳಿಗಳು. ಬೀದರ್, ಕಲಬುರಗಿ ಕಡೆಯವರಿಗೆ ಹೆಬ್ಬಾಳಕ್ಕಿಂತ ಹೈದರಾಬಾದೇ ಹತ್ತಿರ. ವನರಾಜ ಗಿರಿರಾಜನ ದಾಯಾದಿ ಇದ್ದ ಹಾಗೆ: ಮಾಂಸ ಚೆನ್ನ, ಹಿತ್ತಲಲ್ಲಿ ಮೊಟ್ಟೆ 100 ರಿಂದ 110. ಗ್ರಾಮಪ್ರಿಯ ಮೊಟ್ಟೆಯ ಕೋಳಿ, 160 ರಿಂದ 180, ಕಂದು ಸಿಪ್ಪೆ. ತಟ್ಟೆಗೆ ಮೊಟ್ಟೆ ಬೇಕು ಅನ್ನುವವರು ಇವೆರಡರಲ್ಲಿ ಗ್ರಾಮಪ್ರಿಯವನ್ನೇ ಆರಿಸಬೇಕು. ಕಾವೇರಿ ಮರಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯದು, ಅದೂ ಹಿತ್ತಲಿಗೆ ಹೊಂದುತ್ತದೆ.

ಸತ್ಯ ಹೇಳಬೇಕೆಂದರೆ ಸ್ವರ್ಣಧಾರ, ಗ್ರಾಮಪ್ರಿಯ, ಕಾವೇರಿ ನಡುವೆ ತಲೆ ಕೆಡಿಸಿಕೊಳ್ಳುವುದು ಬೇಡ. ಹತ್ತಿರದಲ್ಲಿ ಲಸಿಕೆ ಹಾಕಿದ ಮರಿ ಯಾವುದು ಸಿಗುತ್ತದೋ ಅದೇ ಒಳ್ಳೆಯದು. ಮುನ್ನೂರು ಕಿಲೋಮೀಟರ್ ಬಸ್ಸಿನ ಡಿಕ್ಕಿಯಲ್ಲಿ ಬಂದ ಮರಿ ಎಷ್ಟೇ ಒಳ್ಳೆಯ ತಳಿಯಾದರೂ ಅರೆಜೀವವಾಗಿರುತ್ತದೆ.

ಬಿವಿ-380

ಇದು ಕಂದು ಮೊಟ್ಟೆಯ ಲೇಯರ್ ಕೋಳಿ, ಅಂದರೆ ಮೊಟ್ಟೆಗೆಂದೇ ಬೆಳೆಸಿದ ಫಾರಂ ಕೋಳಿ. ಚಿಕ್ಕ ಪಂಜರದಲ್ಲಿ ಸಾಕುವುದು. ವರ್ಷಕ್ಕೆ 300ರ ಹತ್ತಿರ ಇಡುತ್ತದೆ. 780ಕ್ಕೆ 3 ಕೋಳಿ. ಕಾಗದದ ಮೇಲೆ ಇದನ್ನು ಸೋಲಿಸುವವರಿಲ್ಲ.

ಆದರೆ ಅದು ಕೆದರಿ ತಿಂದು ಬದುಕುವ ಕೋಳಿಯಲ್ಲ. ಒಂದಕ್ಕೆ ದಿನಕ್ಕೆ ಸುಮಾರು 110 ಗ್ರಾಂ ಮೇವು ಬೇಕು, ಅದೂ ಲೇಯರ್ ಫೀಡು. ಹತ್ತು ಕೋಳಿಗೆ ದಿನಕ್ಕೆ 1.1 ಕೆ.ಜಿ., ತಿಂಗಳಿಗೆ 33 ಕೆ.ಜಿ. ಐವತ್ತು ಕೆ.ಜಿ. ಮೂಟೆ ಒಂದೂವರೆ ತಿಂಗಳಿಗೆ ಖಾಲಿ. ಒಂದು ವಾರ ಫೀಡು ತಪ್ಪಿದರೆ ಮೊಟ್ಟೆಯೂ ತಪ್ಪುತ್ತದೆ.

ನಾನು ಇದರಲ್ಲಿ ಬುದ್ಧಿ ಕಲಿತದ್ದು ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಯಾರೋ ಹೇಳಿದರೆಂದು ಪಂಜರ ಸಮೇತ ಇಪ್ಪತ್ತು ಕೋಳಿ ತಂದರು. ಮೊಟ್ಟೆ ಬುಟ್ಟಿ ಬುಟ್ಟಿ ಬಂತು. ಆರು ತಿಂಗಳ ಮೇಲೆ ಹೋದಾಗ "ಮೊಟ್ಟೆ ಬೇಯಿಸು ಚಿಕ್ಕಮ್ಮ" ಅಂದೆ. "ಅಯ್ಯೋ, ಇವತ್ತು ಮೂಟೆ ತರೋ ದಿನ ಕಣೋ, ಎಲ್ಲ ಅಂಗಡಿಗೆ ಕೊಟ್ಟೆ" ಅಂದರು. ದಿನಕ್ಕೆ ಹದಿನೈದು ಮೊಟ್ಟೆ ಬರುವ ಮನೆಯಲ್ಲಿ ಮೊಟ್ಟೆ ಇರಲಿಲ್ಲ.

ಹಿತ್ತಲೇ ಇಲ್ಲದ ಮನೆ, ದಿನವೂ ಯಾರಾದರೂ ಮನೆಯಲ್ಲಿರುತ್ತಾರೆ, ತಿಂಗಳ ಸಂಬಳ ಬರುತ್ತದೆ ಎನ್ನುವವರಿಗೆ ನಾಲ್ಕು ಬಿವಿ-380 ಸರಿ. ಫೀಡಿನ ದುಡ್ಡು ಸಂಬಳದಿಂದ ಹೋಗಬೇಕು, ಮೊಟ್ಟೆಯಿಂದ ಅಲ್ಲ. ಕೂಲಿಯ ಮನೆಗೆ ಇದು ಬೇಡ.

ಕಡಕ್‌ನಾಥ್, ಗೌಜಲು, ಬಾತು

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ. 2018ರಲ್ಲಿ ಆ ಊರಿನದೇ ಎನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿತು, ಬೆಲೆ ಆಕಾಶಕ್ಕೇರಿತು. ಮೊಟ್ಟೆ ನೂರರ ಒಳಗೆ. ಮಾರಾಟಕ್ಕೆ ಗಿರಾಕಿ ಗೊತ್ತಿದ್ದರೆ ಸಾಕಿ, ಊಟಕ್ಕಾಗಿ ಅಲ್ಲ.

ಜಪಾನಿ ಗೌಜಲು ಆರೇಳು ವಾರಕ್ಕೇ ಮೊಟ್ಟೆಗೆ ಬರುತ್ತದೆ, ಜಾಗ ಕಡಿಮೆ ಸಾಕು. ಮೊಟ್ಟೆ 10, 12 ಗ್ರಾಂ ಮಾತ್ರ. ಐದು ಸೇರಿದರೆ ಒಂದು ಕೋಳಿ ಮೊಟ್ಟೆ. ಕೊಂಡ ಫೀಡೇ ಬೇಕು, ಕಾವೂ ಕೂರುವುದಿಲ್ಲ. ಬಾತು ಕೆರೆ, ಗದ್ದೆ ಇರುವವರಿಗೆ. ಮೊಟ್ಟೆ ದೊಡ್ಡದು, ರೋಗ ಕಡಿಮೆ. ವಾಸನೆಗೆ ಮನೆಯವರು ಒಪ್ಪಿದರೆ ಒಳ್ಳೆಯದೇ.

ತಳಿಗಿಂತ ದೊಡ್ಡ ವಿಷಯ: ಕೊಕ್ಕರೆ ರೋಗ

ಯಾವ ಕೋಳಿ ತಂದರೂ ಇದು ಬಂದರೆ ಹಿತ್ತಲು ಖಾಲಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಒಂದು ಕೋಳಿ ತೂಕಡಿಸಿತು, ಹಸಿರು ಕಕ್ಕ ಹಾಕಿತು, ಕತ್ತು ತಿರುಚಿತು ಅನ್ನುವಷ್ಟರಲ್ಲಿ ಊರಿನ ಕೋಳಿಯೆಲ್ಲ ಹೋಗಿರುತ್ತವೆ. ಬಂದ ಮೇಲೆ ಔಷಧಿ ಇಲ್ಲ. ಬರದಂತೆ ಲಸಿಕೆ ಇದೆ. ಮರಿಗೆ 5 ರಿಂದ 7ನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ. 8ನೇ ವಾರಕ್ಕೆ ಆರ್2ಬಿ ಚುಚ್ಚುಮದ್ದು.

ತೊಡಕು ಎಲ್ಲಿದೆ ಅಂದರೆ, ಒಂದು ಬಾಟಲಿ ಲಸಿಕೆ ನೂರಾರು ಕೋಳಿಗೆ ಆಗುವಂಥದ್ದು. ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐಸಿನ ಫ್ಲಾಸ್ಕಿನಲ್ಲೇ ತರಬೇಕು. ಆರು ಕೋಳಿ ಇರುವವಳು ಒಬ್ಬಳೇ ಹೋದರೆ ಬಾಟಲಿ ಒಡೆಯಲು ಯಾರೂ ಒಪ್ಪುವುದಿಲ್ಲ. ಇಪ್ಪತ್ತು ಹೆಂಗಸರು ಒಂದೇ ದಿನ, ಬೆಳಗಿನ ಜಾವ, ಗೂಡು ತೆರೆಯುವ ಮೊದಲು ಹಾಕಿಸಿದರೆ ಕೆಲಸ ಸಲೀಸು. ಕೋಳಿ ಸಾಕಲು ಸಂಘ ಬೇಕಾಗುವುದು ಸಾಲಕ್ಕಿಂತ ಜಾಸ್ತಿ ಈ ಬಾಟಲಿಗೆ.

ಇದರ ಜೊತೆ ಮರಿಯ ವಯಸ್ಸು. ಒಂದು ದಿನದ ಮರಿ ಅಗ್ಗ, ಆದರೆ ಮೂರು ನಾಲ್ಕು ವಾರ ಬಲ್ಬಿನ ಕಾವು ಬೇಕು. ಕರೆಂಟು ಹೋದ ಒಂದು ರಾತ್ರಿಗೆ ಅರ್ಧ ಮರಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ನಮ್ಮ ಪಕ್ಕದೂರಿನ ಸಂಘಕ್ಕೆ ಒಮ್ಮೆ ದಿನದ ಮರಿಯನ್ನು ಹಂಚಿ ಹೋದರು. ಲಸಿಕೆಯ ಮಾತಿಲ್ಲ, ಬಲ್ಬಿನ ಮಾತಿಲ್ಲ. ಎರಡು ವಾರದಲ್ಲಿ ಬಹುಪಾಲು ಹೋದವು, ಉಳಿದದ್ದು ಹಂಚಿಕೆಯ ಫೋಟೋ. ಬೆಲೆ ಹಲವು ಪಟ್ಟು ಆದರೂ ಐದಾರು ವಾರದ, ಲಸಿಕೆ ಹಾಕಿದ ಮರಿಯನ್ನೇ ತನ್ನಿ. ಸಾಲ ಕಡಿಮೆ ಇದ್ದರೆ ಮರಿ ಕಡಿಮೆ ಮಾಡಿ, ವಯಸ್ಸು ಕಡಿಮೆ ಮಾಡಬೇಡಿ.

ರಾತ್ರಿ ಕೋಳಿ ಮನೆಯೊಳಗೆ ಬೇಡ. ಅಂಬೆಗಾಲಿಡುವ ಮಗು ಇದ್ದರಂತೂ ಬೇಡವೇ ಬೇಡ. ಹಿಕ್ಕೆ ಬಾಯಿಗೆ ಹೋಗಿ ಭೇದಿಯಾದರೆ ತಿಂದ ಮೊಟ್ಟೆ ಮೈಗೆ ಹತ್ತುವುದಿಲ್ಲ. ನೆಲದಿಂದ ಎರಡು ಅಡಿ ಎತ್ತರದ ಬಿದಿರಿನದೋ ಹಳೇ ಹಲಗೆಯದೋ ಗೂಡು ಸಾಕು. ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮನೆಯವರೆಲ್ಲರ ಕೆಲಸ.

ಮೊಟ್ಟೆ ಬಂತು, ತಟ್ಟೆಗೆ ಬರಬೇಕಲ್ಲ

ಇಲ್ಲಿಯವರೆಗೆ ಕೋಳಿಯ ಆಯ್ಕೆ. ಇನ್ನು ತಿಳಿವಳಿಕೆಯ ಆಯ್ಕೆ. ಸಂಘಗಳು, ಸಂಸ್ಥೆಗಳು ಇದನ್ನು ಬೇರೆ ಬೇರೆ ರೀತಿ ಮಾಡುತ್ತವೆ. ನಿಮ್ಮ ಊರಿಗೆ ಯಾವುದು ಕೇಳಬೇಕು ಅನ್ನುವುದೂ ನಿಮ್ಮ ಕೈಯಲ್ಲಿದೆ.

ಏನು ಕಲಿಯಬೇಕು ಅನ್ನುವುದು ಮೊದಲು. 50 ಗ್ರಾಂ ಮೊಟ್ಟೆಯಲ್ಲಿ 6 ಗ್ರಾಂ ಚಿಲ್ಲರೆ ಪ್ರೋಟೀನು, ಬಿ12, ಎ ವಿಟಮಿನ್ ಇವೆ. ಕಬ್ಬಿಣ ಮಾತ್ರ ಒಂದು ಮಿಲಿಗ್ರಾಂ ಕೂಡ ಇಲ್ಲ. ಹೆಂಗಸಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ. ಕರ್ನಾಟಕದಲ್ಲಿ 15 ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಬರೀ ಮೊಟ್ಟೆ ತಿಂದರೆ ಅದು ಹೋಗುವುದಿಲ್ಲ. ಕಬ್ಬಿಣದ ಮಾತ್ರೆ ಬಿಡಬಾರದು. ಹಬ್ಬಕ್ಕೆ ಕೋಳಿ ಕುಯ್ದಾಗ ಈಲಿ (ಲಿವರ್) ಹೆಂಗಸರ ಪಾಲಿಗೆ ಬರಲಿ. ಸೊಪ್ಪಿನ ಜೊತೆ ನಿಂಬೆಹುಳಿ, ಸೀಬೆಹಣ್ಣು, ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಲ್ಲೇ ಟೀ ಕುಡಿದರೆ ಹತ್ತುವುದಿಲ್ಲ.

ಇನ್ನು ಬುಟ್ಟಿ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೆಂಗಸರ ಊಟ ಅಳೆಯಲು ಹತ್ತು ಬಗೆ, ಅಂದರೆ ಹತ್ತು ಬುಟ್ಟಿ, ಮಾಡಿದೆ: ಧಾನ್ಯ, ಬೇಳೆಕಾಳು, ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಸಿರು ಸೊಪ್ಪು, ಕ್ಯಾರೆಟ್ ಪಪ್ಪಾಯಿಯಂಥ ಕೇಸರಿ ಬಣ್ಣದವು, ಬೇರೆ ತರಕಾರಿ, ಬೇರೆ ಹಣ್ಣು. ದಿನಕ್ಕೆ ಐದು ಬುಟ್ಟಿಯಿಂದಾದರೂ ತಟ್ಟೆಗೆ ಬರಬೇಕು. ಮುದ್ದೆ ಮತ್ತು ಅವರೆಕಾಳು ಸೊಪ್ಪಿನ ಬಸ್ಸಾರು ಅಂದರೆ ಮೂರು ಬುಟ್ಟಿ. ಮೊಸರು ನಾಲ್ಕು. ಮೊಟ್ಟೆ ಬಂದರೆ ಐದು. ಬಡಗಣ ಕಡೆ ರೊಟ್ಟಿ, ಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಚಟ್ನಿ ನಾಲ್ಕು ಬುಟ್ಟಿ. ಅಲ್ಲೂ ಮೊಟ್ಟೆ ಐದನೆಯದು. ಮುದ್ದೆ ಜೊತೆ ಬರೀ ಖಾರ ಕಲಸಿಕೊಂಡು ಉಂಡ ದಿನ? ಒಂದೇ ಬುಟ್ಟಿ.

ಇದನ್ನು ಕಲಿಸುವ ದಾರಿಗಳಲ್ಲಿ ಒಂದು ದಿನದ ತರಬೇತಿ ಅಗ್ಗ. ತಾಲೂಕಿನಲ್ಲಿ ಕೂರಿಸಿ, ಪರದೆಯ ಮೇಲೆ ತೋರಿಸಿ, ಊಟ ಹಾಕಿ ಕಳಿಸುತ್ತಾರೆ. ಕೋಳಿ ಸಾಕಾಣಿಕೆ ಕಲಿಯಲು ಪರವಾಗಿಲ್ಲ. ಊಟದ ಅಭ್ಯಾಸ ಅದರಿಂದ ಬದಲಾಗಿದ್ದು ಕಾಣೆ. ಮೊಬೈಲಿಗೆ ವೀಡಿಯೋ ಕಳಿಸುವುದು ಇನ್ನೂ ಅಗ್ಗ, ಆದರೆ ಮೊಬೈಲು ಮಗನ ಕೈಯಲ್ಲಿ ಇರುತ್ತದೆ.

ಸಂಘದ ವಾರದ ಸಭೆಯಲ್ಲಿ ಕಾಲು ಗಂಟೆ ಮಾತು ಒಳ್ಳೆಯದು. ಖರ್ಚಿಲ್ಲ. ಒಬ್ಬಳು "ನಾನು ಹೋದ ವಾರ ಮೂರು ಮೊಟ್ಟೆ ತಿಂದೆ" ಅಂದರೆ ಇನ್ನೊಬ್ಬಳಿಗೆ ಧೈರ್ಯ ಬರುತ್ತದೆ. ಒಟ್ಟಿಗೆ ಅಡುಗೆ ಮಾಡುವುದು ಇನ್ನೂ ಒಳ್ಳೆಯದು, ಸ್ವಲ್ಪ ಖರ್ಚು. ಒಂದು ಸಭೆಯಲ್ಲಿ ನುಗ್ಗೆಸೊಪ್ಪು ಮೊಟ್ಟೆ ಪಲ್ಯ ಮಾಡಿಸಿದೆವು. ಆಗ ಒಬ್ಬ ಅಜ್ಜಿ ಹೇಳಿದ ಮಾತು ನನ್ನ ಲೆಕ್ಕವನ್ನೇ ಬದಲಾಯಿಸಿತು. "ಬೇಯಿಸಿದ ಮೊಟ್ಟೆಯನ್ನ ಎಣಿಸ್ತಾರೆ ಮಗ, ಒಡೆದು ಹಾಕಿದ ಮೊಟ್ಟೆಯನ್ನ ಯಾರೂ ಎಣಿಸೋಕಾಗಲ್ಲ." ನಾಲ್ಕು ಮೊಟ್ಟೆ ಒಡೆದು ಸೊಪ್ಪಿನ ಜೊತೆ ಹುರಿದರೆ ಏಳು ಜನರಿಗೂ ಪಾಲು ಬರುತ್ತದೆ, ಬಡಿಸುವವಳಿಗೂ ಬರುತ್ತದೆ. ಯಾವ ಪುಸ್ತಕದಲ್ಲೂ ನಾನು ಇದನ್ನು ಓದಿರಲಿಲ್ಲ.

ಮನೆಗೇ ಹೋಗಿ ಅತ್ತೆ, ಗಂಡನನ್ನು ಕೂರಿಸಿ ಮಾತಾಡುವುದು ಎಲ್ಲಕ್ಕಿಂತ ದುಬಾರಿ, ಸಮಯ ತಿನ್ನುತ್ತದೆ. ಆದರೆ ಮೊಟ್ಟೆ ಉಷ್ಣ, ಬಸುರಿಗೆ ಆಗದು, ಬಾಣಂತಿಗೆ ನಂಜು ಅನ್ನುವ ಮಾತು ಗಟ್ಟಿಯಾಗಿರುವ ಮನೆಯಲ್ಲಿ ಬೇರೆ ದಾರಿಯಿಲ್ಲ. ಸೊಸೆಗೆ ಎಷ್ಟು ಹೇಳಿದರೂ ಉಪಯೋಗವಿಲ್ಲ, ಅವಳಿಗೆ ಗೊತ್ತೇ ಇದೆ. ಬಡಿಸುವ ಸೌಟು ಯಾರ ಕೈಯಲ್ಲಿದೆಯೋ ಅವರ ಹತ್ತಿರ ಮಾತಾಡಬೇಕು. ದುಡ್ಡು, ಜನ ಕಡಿಮೆ ಇದ್ದರೆ ವಾರದ ಸಭೆಯನ್ನು ಇಟ್ಟುಕೊಂಡು, ಬಸುರಿ ಬಾಣಂತಿ ಇರುವ ಮನೆಗೆ ಮಾತ್ರ ಆಶಾ ಕಾರ್ಯಕರ್ತೆಯ ಜೊತೆ ಹೋಗಿ.

ಹಾಗಾದರೆ ನೀವು?

ಮನೆಯಲ್ಲಿ ಯಾರಾದರೂ ಇರುತ್ತಾರೆ, ಹಿತ್ತಲಿದೆ, ಸ್ವಲ್ಪ ರಾಗಿ ಜೋಳ ಬೆಳೆಯುತ್ತೀರಿ ಅಂದರೆ ನನ್ನ ಆಯ್ಕೆ ಬೆರಕೆ ಹಿತ್ತಲು: ಎರಡು ನಾಟಿ ಹೇಂಟೆ, ಐದಾರು ಸ್ವರ್ಣಧಾರ, ಒಂದು ಹುಂಜ. ಸ್ವರ್ಣಧಾರ ತಟ್ಟೆಗೆ, ನಾಟಿ ಕಾವಿಗೆ. ಶ್ರಾವಣದಲ್ಲಿ ಮೊಟ್ಟೆ ಮುಟ್ಟದ ಮನೆಯಾದರೆ ಆ ತಿಂಗಳಿನದನ್ನು ಕಾವಿಗೆ ಇಡಬಹುದು, ಮಳೆ ಥಂಡಿಗೆ ಮರಿ ಜೋಪಾನ. ಒಟ್ಟು ಹತ್ತು ಹನ್ನೆರಡು ದಾಟಿದರೆ ತಿಪ್ಪೆ ಸಾಲುವುದಿಲ್ಲ, ಕಾಳು ಕೊಳ್ಳುವ ಸುಳಿಗೆ ಬೀಳುತ್ತೀರಿ.

ದಿನವಿಡೀ ಕೂಲಿಗೆ ಹೋಗುವವರು, ಮಲೆನಾಡಿನ ಕಾಡಂಚಿನವರು, ನಾಟಿಯನ್ನೇ ಇಟ್ಟುಕೊಳ್ಳಿ. ಮೊಟ್ಟೆ ಮಾರಿ ಫಾರಂ ಮೊಟ್ಟೆ ತರುವ ಉಪಾಯ ನಿಮಗೇ ಹೇಳಿದ್ದು. ಗಿರಿರಾಜ ಬೇಲಿ ಭದ್ರವಾಗಿರುವ, ಮಾಂಸಕ್ಕೂ ಗಿರಾಕಿ ಇರುವ ಮನೆಗೆ. ಜಾಗವೇ ಇಲ್ಲದ, ಕೈಯಲ್ಲಿ ದುಡ್ಡೂ ಇಲ್ಲದ ಮನೆಗೆ ಯಾವ ಕೋಳಿಯೂ ಬೇಡ. ಸಾಲ ಮಾಡಿ ಪಂಜರ ತರುವುದಕ್ಕಿಂತ ವಾರಕ್ಕೆ ಆರು ಮೊಟ್ಟೆ ಅಂಗಡಿಯಿಂದ ತರುವುದು ಅಗ್ಗ. ಹೀಗೆ ಹೇಳಿದರೆ ಕೋಳಿ ಯೋಜನೆಯವರಿಗೆ ಬೇಜಾರಾಗುತ್ತದೆ, ಆಗಲಿ.

ಇನ್ನೂ ಅನುಮಾನ ಇದ್ದರೆ ಮರಿ ತರುವುದನ್ನು ಒಂದು ತಿಂಗಳು ಮುಂದೆ ಹಾಕಿ. ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ನೀವು ಮೊಟ್ಟೆ ತಿಂದ ದಿನ ಒಂದು ಸೊನ್ನೆ ಸುತ್ತಿ. ಮನೆಯಲ್ಲಿ ಮೊಟ್ಟೆ ಇದ್ದೂ ನೀವು ತಿನ್ನದ ದಿನ ಒಂದು ಗೀಟು ಎಳೆಯಿರಿ. ತಿಂಗಳ ಕೊನೆಗೆ ಗೀಟು ಜಾಸ್ತಿ ಇದ್ದರೆ ಕೋಳಿಯ ಸಾಲ ಆಮೇಲೆ ತೆಗೆಯಿರಿ, ಮೊದಲು ಅತ್ತೆಯನ್ನು ಸಂಘದ ಸಭೆಗೆ ಕರೆದುಕೊಂಡು ಬನ್ನಿ. ಗೀಟೂ ಇಲ್ಲ, ಸೊನ್ನೆಯೂ ಇಲ್ಲ ಅಂದರೆ ಮೊಟ್ಟೆಯೇ ಇಲ್ಲ ಅಂತ ಅರ್ಥ. ಆಗ ಗೂಡಿಗೆ ಬಿದಿರು ಕಡಿಯಬಹುದು.